ಮಾನ ಉಳಿಸಲು ಆರಿಸಿದ ಡಾಕ್ಟರು

ಯಜಮಾನರ ಸಾಫ್ಟ್‌ವೇರ್ ಕೆಲಸ ಹೋದಾಗ ಕಂಪನಿಯ ಹೆಲ್ತ್ ಇನ್ಶೂರೆನ್ಸೂ ಅದರ ಹಿಂದೆಯೇ ಹೋಯಿತು. ಉಳಿದದ್ದು ಏರ್‌ಪೋರ್ಟಿನ ಅಂಗಡಿಯಲ್ಲಿ ನನ್ನ ಅರೆಕಾಲಿಕ ಕೆಲಸ, ಮತ್ತು ನನ್ನ ಆಸ್ತಮಾ. ಅಷ್ಟು ಕಡಿಮೆ ಆದಾಯದವರಿಗೆ ಐರ್ಲೆಂಡಿನ ಸರ್ಕಾರ ಮೆಡಿಕಲ್ ಕಾರ್ಡ್ ಕೊಡುತ್ತದೆ. ಡಾಕ್ಟರಿಗೆ ಫೀಸು ಕೊಡಬೇಕಿಲ್ಲ. ನಮಗೂ ಬಂತು. ನನಗೆ ಖುಷಿಯಾಯಿತು. ಅವರದು ಸೂತಕದ ಮನೆಯ ಮುಖ.

ಕಾರ್ಡನ್ನು ದೇವರ ಗೂಡಿನಲ್ಲಿ, ಲಕ್ಷ್ಮಿಯ ಫೋಟೊ ಹಿಂದೆ ಇಟ್ಟರು. ಭಕ್ತಿಯಿಂದಲ್ಲ, ನೆಂಟರಿಷ್ಟರು ಅಲ್ಲಿ ಕೈ ಹಾಕುವುದಿಲ್ಲವೆಂದು. ಹಿಂದಿನ ಯುಗಾದಿ ಊಟದಲ್ಲಿ ನಾವಿರುವ ಸ್ವೋರ್ಡ್ಸ್ ಊರಿನ ಕನ್ನಡದ ಹಿರಿಯರೊಬ್ಬರು ಒಬ್ಬಟ್ಟಿಗೆ ತುಪ್ಪ ಸುರಿದುಕೊಳ್ಳುತ್ತಾ, "ಸರ್ಕಾರದ ಕಾರ್ಡ್ ಹಿಡ್ಕೊಂಡು ಓಡಾಡೋಕೆ ನಾವ್ ಇಲ್ಲೀತನಕ ಬಂದ್ವಾ?" ಎಂದಿದ್ದರು. ನಮ್ಮ ಯಜಮಾನರು ಜೋರಾಗಿ ತಲೆಯಾಡಿಸಿದ್ದರು.

ಅರ್ಜಿ ಹಾಕುವಾಗಲೇ ಡಾಕ್ಟರನ್ನೂ ಆರಿಸಿಕೊಳ್ಳಬೇಕಿತ್ತು. ನಮ್ಮ ರಸ್ತೆಯ ಕೊನೆಯಲ್ಲೇ ಒಬ್ಬರಿದ್ದರು. "ಅಲ್ಲಿಗೆ ನಮ್ಮೋರೆಲ್ಲ ಬರ್ತಾರೆ ಕಣೆ" ಎಂದು ಯಜಮಾನರು ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರದ ಬ್ಯೂಮಾಂಟಿನ ಡಾಕ್ಟರನ್ನು ಹಾಕಿದರು. ಅಲ್ಲಿನ ದೊಡ್ಡ ಆಸ್ಪತ್ರೆಯ ನರ್ಸು, ಡಾಕ್ಟರುಗಳಲ್ಲಿ ನಮ್ಮ ಕಡೆಯವರು ಎಷ್ಟು ಜನರಿದ್ದಾರೆಂದು ಈ ಬುದ್ಧಿವಂತರಿಗೆ ಹೊಳೆಯಲಿಲ್ಲ.

ಚಳಿ ಶುರುವಾಗುತ್ತಲೇ ನನಗೆ ಉಬ್ಬಸ ಹತ್ತಿತು. ಲಕ್ಷ್ಮಿಯ ಹಿಂದಿನಿಂದ ಕಾರ್ಡು ತೆಗೆದುಕೊಂಡು ಹೊರಟೆವು. ಬಸ್ಸಿನಲ್ಲಿ ನಾನು ಕಂಬಿ ಹಿಡಿದು ಉಸಿರೆಳೆಯುತ್ತಿದ್ದರೆ ಇವರು ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಕತ್ತು ತಿರುಗಿಸಿ ನೋಡುತ್ತಿದ್ದರು. ಸಿಟ್ಟಿಗೆ ಅಳು ಬಂತು. ಅಳುವುದಕ್ಕೂ ಉಸಿರಿರಲಿಲ್ಲ.

ಕ್ಲಿನಿಕ್ಕಿನ ಬಾಗಿಲು ತೆಗೆದರೆ ಎದುರಿನ ಕುರ್ಚಿಯಲ್ಲಿ ಅದೇ ಒಬ್ಬಟ್ಟಿನ ಹಿರಿಯರು, ಪಕ್ಕದಲ್ಲಿ ಅವರ ಹೆಂಡತಿ.

"ಏನ್ ಸಾರ್, ನೀವಿಲ್ಲಿ?" ಎಂದರು ನಮ್ಮವರು.

"ಸುಮ್ನೆ, ಜನರಲ್ ಚೆಕಪ್ಪು. ನೀವು?"

"ನಾವೂ ಅಷ್ಟೇ. ಎಲ್ಲಾ ಗ್ರ್ಯಾಂಡ್" ಎಂದರು ಇವರು, ಚೆನ್ನಾಗಿದ್ದೇವೆ ಎನ್ನಲು ಇಲ್ಲಿಯವರು ಹೇಳುವ ಧಾಟಿಯಲ್ಲಿ.

ಸ್ವೋರ್ಡ್ಸಿನ ಡಾಕ್ಟರನ್ನು ಬಿಟ್ಟು ಇಷ್ಟು ದೂರ ಯಾಕೆ ಬಂದಿರಿ ಎಂದು ಇವರೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ಯಜಮಾನರು ನನ್ನ ಕಿವಿಯ ಹತ್ತಿರ ಬಾಗಿ, "ನಾಳೆ ಬರೋಣ" ಎಂದರು. ನಾನು ಕೌಂಟರಿಗೆ ಹೋಗಿ ಕಾರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಹಿರಿಯರು ತಮ್ಮ ಕೈಯಲ್ಲಿದ್ದ ಅಂಥದ್ದೇ ಕಾರ್ಡನ್ನು ಮೆಲ್ಲಗೆ ಜೇಬಿಗೆ ತುರುಕಿಕೊಂಡರು. ಅವರ ಹೆಂಡತಿ ಮಾತ್ರ ಪಕ್ಕದ ಕುರ್ಚಿಯಿಂದ ಬ್ಯಾಗು ತೆಗೆದು, "ಬನ್ನಿ, ಕೂತ್ಕೊಳ್ಳಿ" ಎಂದರು.

ಡಾಕ್ಟರು ನೆಬ್ಯುಲೈಸರ್ ಹಾಕಿದ ಮೇಲೆ ಎದೆ ಹಗುರಾಯಿತು. ವಾಪಸ್ ಬಸ್ಸಿನಲ್ಲಿ ಯಜಮಾನರು, "ಅವ್ರ ಮುಂದೆ ನನ್ ಮಾನ ತೆಗೆದ್ಯಲ್ಲ" ಎಂದರು.

ಸ್ವೋರ್ಡ್ಸ್ ಬರುವವರೆಗೂ ಉತ್ತರ ಕೊಟ್ಟೆ. ಅಷ್ಟು ಉಸಿರು ಆಗ ನನ್ನಲ್ಲಿತ್ತು.