ಮಕ್ಕಳ ಮೋಟಾರು ಮುಟ್ಟದ ಮೇಡಂ

ಆರನೇ ಕ್ಲಾಸಿನ ನನ್ನ ಮಗಳು ಸ್ನೇಹಲತಾ ಎಲ್ಲರಿಗಿಂತ ಹಿಂದೆ ಬೀಳುತ್ತಾಳೆ ಎಂಬ ಚಿಂತೆ ನನ್ನನ್ನು ಬಿಡುವುದಿಲ್ಲ. ನಾನು ಬೆಂಗಳೂರಿನಲ್ಲಿ ಓದಿದವಳು. ಹಿಂದೂಪುರದ ಈ ಶಾಲೆಯನ್ನು ಆರಿಸಿದ್ದು ಗೇಟಿನ ಮೇಲೆ ‘ರೋಬೊಟಿಕ್ಸ್ ಲ್ಯಾಬ್’ ಎಂದಿತ್ತೆಂದು. ರೋಬೊಟ್‌ಗಳೇನೋ ಇವೆ, ಗಾಜಿನ ಬೀರುವಿನಲ್ಲಿ, ಬೀಗದ ಹಿಂದೆ. ದೇವರ ಮನೆಯ ಬೆಳ್ಳಿ ಸಾಮಾನಾದರೂ ಹಬ್ಬಕ್ಕೆ ಹೊರಗೆ ಬರುತ್ತದೆ.

ಪಾಠ ಮಾಡುವವರು ಕಲ್ಯಾಣದುರ್ಗದ ಉಮಾದೇವಿ. ಅಣ್ಣನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಲೇ ಡಿಪ್ಲೊಮಾ ಮುಗಿಸಿದವರು. ಬೀರುವಿನ ಕೀ ಕೇಳಿ ಕೇಳಿ ಸಾಕಾಗಿ, ಆಟಿಕೆಯ ಮೋಟಾರು, ಅಗ್ಗದ ಬೋರ್ಡು ತಂದು ಮಕ್ಕಳಿಂದ ಬೋರ್‌ವೆಲ್ ಮಾಡೆಲ್ ಕಟ್ಟಿಸಿದರು. ಕರೆಂಟು ಬಂದೊಡನೆ ಮೋಟಾರು ತಾನಾಗಿ ಓಡಬೇಕು. ಪ್ರೋಗ್ರಾಂ ಮಕ್ಕಳದೇ. ಕೆಟ್ಟರೂ ಮೇಡಂ ಕೈಹಾಕುವುದಿಲ್ಲ.

“ನಾನ್ ಮುಟ್ಟಲ್ಲ ಕಣಮ್ಮ. ಕೆಡಿಸ್ದೋರೇ ಹುಡುಕ್ರಿ.”

ಸುಮ್ಮನೆ ನಿಲ್ಲಲು ಸಂಬಳವೇ ಎಂದು ನನಗೆ ಉರಿದಿತ್ತು.

ಎಕ್ಸಿಬಿಷನ್ ದಿನ ಪಕ್ಕದ ಸೆಕ್ಷನ್ನಿನ ರೋಬೊಟ್ ಅತಿಥಿಗಳಿಗೆ ಕೈಮುಗಿಯಿತು. ಪರದೆಯ ಹಿಂದೆ ರೋಬೊಟ್ ಮಾರಿದ ಕಂಪನಿಯವನು ರಿಮೋಟ್ ಒತ್ತುತ್ತಿದ್ದ. ಮಕ್ಕಳು ಬಾಯಿಪಾಠದ ಇಂಗ್ಲಿಷ್ ಒಪ್ಪಿಸಿದರು. ಅದೆಲ್ಲ ಮಕ್ಕಳೇ ಮಾಡಿದ್ದೆಂದು ನಂಬಿ ವಿಡಿಯೊ ತೆಗೆಯಲು ನಮ್ಮಷ್ಟು ಓದಿರಬೇಕು.

ನಮ್ಮ ಮಕ್ಕಳ ಡಬ್ಬಿಯ ಬಾವಿಯಲ್ಲಿ ನೀರು ಮುಗಿದಿತ್ತು. ಕರೆಂಟು ಕೊಟ್ಟೊಡನೆ ಮೋಟಾರು ಬರಿದೇ ತಿರುಗಿ ತಿರುಗಿ ಹೊಗೆಯಾಡಿತು. ನೀರಿದೆಯೇ ಎಂದು ನೋಡುವ ಸಾಲನ್ನೇ ಅವರು ಬರೆದಿರಲಿಲ್ಲ.

ಕ್ಲಾಸಿನ ಇನ್ನೊಬ್ಬ ಹುಡುಗಿಯ ತಾತ, ರೊದ್ದಂನಿಂದ ಬಂದಿದ್ದ ರೈತ ಗಂಗುಲಪ್ಪ ಬಗ್ಗಿ ನೋಡಿದ. “ನಮ್ ಆಟೋ ಸ್ಟಾರ್ಟರೂ ಇಂಗೇ ಕಣಮ್ಮ. ನೀರೈತಾ ಅಂತ ಕೇಳಲ್ಲ, ತಿರುಗ್ಬುಡ್ತದೆ. ಎಲ್ಡ್ ಮೋಟಾರ್ ಸುಟ್ಕಂಡಿದೀನಿ.”

ಶಾಲೆ ನಡೆಸುವ ಕರೆಸ್ಪಾಂಡೆಂಟ್ ನಟರಾಜ್ ಹಲ್ಲು ಕಚ್ಚಿದರು. “ಈ ತಪ್ಪು ಮೊದ್ಲೇ ಗೊತ್ತಿತ್ತಾ ಮೇಡಂ?”

“ಗೊತ್ತಿತ್ತು ಸಾರ್. ನಾನ್ ಹೇಳಿದ್ರೆ ಬರ್ಕಂಡು ಮರ್ತುಬಿಡೋರು.”

ಅಂದೇ ಸಂಜೆ ಪೋಷಕರ ಗ್ರೂಪಿನಲ್ಲಿ ‘ಮಕ್ಕಳ ಸೇಫ್ಟಿಗೆ ಯಾರು ಹೊಣೆ?’ ಎಂದು ಬರೆದೆ. ಹೆಬ್ಬೆರಳುಗಳು ಸಾಲಾಗಿ ಎದ್ದವು. ಪರದೆಯ ಹಿಂದಿನವನ ಬಗ್ಗೆ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಸ್ನೇಹಲತಾ ಬೋರ್ಡನ್ನು ಮನೆಗೆ ತಂದು, ಎರಡು ತಂತಿ ಲೋಟದ ನೀರಿಗಿಳಿಸಿ, ಪ್ರೋಗ್ರಾಮಿಗೆ ಮೂರು ಸಾಲು ಸೇರಿಸಿದಳು. ತಂತಿ ಎತ್ತಿದರೆ ಹೊಸ ಮೋಟಾರು ನಿಂತಿತು, ಇಳಿಸಿದರೆ ಓಡಿತು.

“ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಮೇಡಂ ಹೇಳಲ್ವಲ್ಲ.”

ಆಗಲೇ ಗ್ರೂಪಿಗೆ ನಟರಾಜ್ ಅವರ ಸಂದೇಶ ಬಂತು: ಪೋಷಕರ ದೂರಿನ ಮೇರೆಗೆ ಉಮಾದೇವಿಯವರಿಗೆ ಸೋಮವಾರದಿಂದ ಕ್ಲಾಸಿಲ್ಲ, ಕಂಪನಿಯವರೇ ಕಲಿಸುತ್ತಾರೆ. ಪೋಷಕರೆಂದರೆ ನಾನು. ಎರಡು ದಿನ ಫೋನು ಹಿಡಿಯುವುದು, ಇಡುವುದು. ನಟರಾಜ್ ಮಗಳ ಮೇಲೆ ಹಗೆ ಸಾಧಿಸಿದರೆ? ಶನಿವಾರ ಅವರಿಗೆ ಫೋನು ಮಾಡಿಯೇಬಿಟ್ಟೆ.

“ಚೆಪ್ಪಂಡಿ, ಹೇಳಿ ಅಮ್ಮಾ. ನಿಮ್ ಕಂಪ್ಲೇಂಟ್ ಮೇಲೆ ಆಕ್ಷನ್ ತಗೊಂಡಾಯ್ತಲ್ಲ.”

“ಆ ಕಂಪ್ಲೇಂಟೇ ತಪ್ಪು ಸಾರ್. ಈಗ ಗ್ರೂಪಲ್ಲೂ ಹಾಗೇ ಬರೀತೀನಿ. ಸೋಮವಾರ ಮೇಡಂ ಕ್ಲಾಸಲ್ಲಿರಲಿ. ಇಲ್ಲದಿದ್ದರೆ ನನ್ನ ಮಗಳ ಟೀಸಿ ಬರೆದಿಡಿ.”