ಕೆಳಗಿನ ಪಾಲು

ನನ್ನ ಚೆಲ್ಲೊಗೆ ಇಲ್ಲಿ ಸಿಕ್ಕ ಹೆಸರುಗಳು ಒಂದೆರಡಲ್ಲ. ಪಕ್ಕದ ಕ್ವಾರ್ಟರ್ಸ್‌ನವರಿಗೆ ದೊಡ್ಡ ಪಿಟೀಲು. ಬಸ್ ಕಂಡಕ್ಟರ್‌ಗೆ ಲಗೇಜು. ತಂತಿ ಕಟ್ಟಿಸಿಕೊಂಡು ಬರುವಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿ ಚೀಲ ಮುಟ್ಟಿ ನೋಡಿ, "ಅದೇನಮ್ಮಾ, ಎಣ ಒತ್ಕೊಂಡಂಗೆ ಒತ್ಕೊಂಡ್ ಓಗ್ತಿದ್ದೀಯ?" ಅಂದಳು. ಮೈಯೆಲ್ಲಾ ಉರಿದುಹೋಯ್ತು. "ಹೂಂ, ನಂದೇ," ಅಂದೆ.

ಸರಿಯಾದ ಹೆಸರಲ್ಲಿ ಕರೆದವರು ಊರಿಗಾಂನ ಪಿಟೀಲು ಮೇಷ್ಟ್ರೊಬ್ಬರೇ. ಚಿನ್ನದ ಗಣಿ ಮುಚ್ಚೋವರೆಗೂ ಅದರಲ್ಲಿ ದುಡಿದು, ಭಾನುವಾರ ಚರ್ಚಿನಲ್ಲಿ ಪಿಟೀಲು ನುಡಿಸುತ್ತಿದ್ದವರು. ಅಲ್ಲೇ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಇದನ್ನು ನನ್ನ ಕೈಗೆ ಕೊಟ್ಟವರೂ ಅವರೇ. "ವಯಲೊನ್‌ಚೆಲ್ಲೊ ಅಂತ ಪೂರ್ತಿ ಹೇಳು. ಚೆಲ್ಲೊ ಅನ್ನೋದು ಸಲಿಗೆಗೆ," ಅನ್ನೋರು. ಫ್ಯಾಕ್ಟರಿ ಕೆಲಸಕ್ಕೆ ಅಂತ ಒಬ್ಬಳೇ ಬಂದ ನನಗೆ ಮನೆ ಅನ್ನಿಸಿದ್ದು ಅವರ ಮನೆ ಮಾತ್ರ. ಪ್ರತಿ ಭಾನುವಾರ ಸಂಜೆ ಅವರು ಪಿಟೀಲಿನಲ್ಲಿ ಹಾಡು ನುಡಿಸೋರು, ನಾನು ಅದರ ಕೆಳಗೆ ನಾಲ್ಕೈದು ಮಂದ್ರ ಸ್ವರ ಹಿಡಿದು ಕೂರೋಳು. ಒಂದಿನ ತಡೆಯಲಾರದೆ, "ನನಗೂ ಹಾಡು ಹೇಳಿಕೊಡಿ ಮೇಷ್ಟ್ರೇ, ಎಷ್ಟು ದಿನ ಗೂಂಯ್ ಅಂತ ಕೂರಲಿ?" ಅಂತ ರೇಗಿದೆ.

"ಮೇಲಕ್ಕೆ ನಾನಿದ್ದೀನಲ್ಲಮ್ಮ," ಅಂತ ನಕ್ಕುಬಿಟ್ಟರು.

ಹೋದ ತಿಂಗಳು ತೀರಿಕೊಂಡರು. ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ಅವರಿಗೆ ಇಷ್ಟವಾದ ಹಾಡು, ನೀನೇ ನುಡಿಸಬೇಕು," ಅಂದರು. ನನಗೆ ಬರೋದು ಕೆಳಗಿನದು ಮಾತ್ರ, ಹಾಡೇ ಬರಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಒಂದು ವಾರ ಮೊಬೈಲ್ ಎದುರಿಗಿಟ್ಟುಕೊಂಡು ಹಾಡು ಕಲಿಯೋಕೆ ಹೆಣಗಾಡಿದೆ. ಬೆರಳು ಮಾತು ಕೇಳಲಿಲ್ಲ. ಸತ್ತ ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈದೆ, ಆಮೇಲೆ ಅತ್ತೆ.

ಆವತ್ತು ಮನೆ ತುಂಬ ಜನ. ಒಬ್ಬರ ಪರಿಚಯವೂ ನನಗಿಲ್ಲ. ಕಮಾನು ಎತ್ತಿ, ನನಗೆ ಬರೋದನ್ನೇ ನುಡಿಸಿದೆ. ಅವರು ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸಿದೆ. ಅವರು ಮೇಲೇರುತ್ತಿದ್ದ ಕಡೆ ಕೆಳಗೇ ಕಾದೆ. ಮೂರು ಚರಣವೂ ಆಯ್ತು, ಕಮಾನು ಇಳಿಸಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು, ಪಾಪ, ಒಳ್ಳೇ ಮನಸ್ಸಿನಿಂದಲೇ, "ಶ್ರುತಿ ಆಯ್ತೇನಮ್ಮಾ? ಇನ್ನು ಶುರು ಮಾಡು," ಅಂದರು.

ಎದ್ದು ಓಡಿಹೋಗೋಣ ಅನ್ನಿಸಿತು. ಕಮಾನು ಚೀಲಕ್ಕೆ ಸೇರಿಸತೊಡಗಿದೆ.

ಅಷ್ಟೂ ಭಾನುವಾರ ಅಡುಗೆಮನೆಯಿಂದಲೇ ನಮ್ಮಿಬ್ಬರನ್ನೂ ಕೇಳಿದ್ದ ಮೇಷ್ಟ್ರ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, "ಅವಳು ನುಡಿಸಿ ಆಯ್ತು," ಅಂದರು. "ನಮ್ಮವರ ಪಿಟೀಲೇ ಕೇಳಿಸಲಿಲ್ಲ."