ನಿಲ್ದಾಣದ ಸುಂಕ ಮತ್ತು ಆಯಿಯ ಬುತ್ತಿ

ಬಸ್ ನಿಲ್ದಾಣದ ದಟ್ಟಣೆಗೆ ಎತ್ತಿನ ಚಕ್ಕಡಿಗಳೇ ಕಾರಣವೆಂದು ತೀರ್ಮಾನಿಸಿ, ಒಳಗೆ ಬರುವ ಪ್ರತಿ ಚಕ್ಕಡಿಗೂ ಸುಂಕ ಹಚ್ಚಿದವರು ನಿಲ್ದಾಣದ ಅಧಿಕಾರಿಗಳಾದ ನೀವು. ನಡೆಯಲಾರದವರು ಬಸ್ಸಿನವರೆಗೆ ಹೇಗೆ ಹೋಗಬೇಕೆಂದು ಯಾರನ್ನೂ ಕೇಳಲಿಲ್ಲ. ಇಳಿಸಿ ಹೊರಡುವವರಿಗೂ ದಿನವಿಡೀ ನೆರಳು ಹಿಡಿದು ನಿಲ್ಲುವವರಿಗೂ ಒಂದೇ ದರ. ಅಧಿಕಾರಿಗಳ ಜೀಪಿಗೆ ಮಾತ್ರ ಅದೂ ಇಲ್ಲ.

ಸುಂಕ ಬಂದ ಹೊಸತರಲ್ಲಿ ಅಕ್ಕ ಬಾಣಂತನ ಮುಗಿಸಿ, ಕೂಸಿನೊಡನೆ ಇಂಡಿಗೆ, ಗಂಡನ ಮನೆಗೆ ಹೊರಟಿದ್ದಳು. ಜೊತೆಗೆ ಅವ್ವ. ಕಳಿಸಲು ಮನೆಮಂದಿಯೆಲ್ಲ ಚಕ್ಕಡಿ ಏರಿದ್ದೆವು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಮೊಣಕಾಲು ಹಿಡಿದುಹೋಗಿದ್ದರೂ ಅವಳು ಸಿಹಿ ಮಾದಲಿ, ರೊಟ್ಟಿಯ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಹೊರಟವರು ಬಸ್ಸಿನಲ್ಲಿ ಕುಳಿತ ಮೇಲೆಯೇ ಬುತ್ತಿ ಕೊಡಬೇಕೆಂಬುದು ಅವಳ ಹಟ. ಮೊದಲೇ ಕೊಟ್ಟರೆ ಮನೆಮಗಳನ್ನು ಅಟ್ಟಿದಂತಾಗುತ್ತದಂತೆ.

ಸುಂಕದವನು ಎತ್ತಿನ ಮುಂದೆ ಕೋಲು ಅಡ್ಡ ಹಿಡಿದ. “ಚೀಟಿ ತಗೋರಿ, ಇಲ್ಲಾ ಹೊರಗ ನಿಲ್ರಿ.”

“ಮುದುಕಿ ಅದಾಳೋ. ಇಳಿಸಿ ಹೊಳ್ಳಿ ಬರ್ತೇನಿ,” ಎಂದ ಅಪ್ಪ.

“ಎಲ್ಲಾರೂ ಹಂಗ ಅಂತಾರ್ರೀ. ಒಳಗ ಹೋಗಿ ಮಲಗತಾರ.”

“ಮನ್ಯಾಗ ಹಾಸಿಗಿ ಐತಿ ನನಗ. ನಿನ್ನ ಬಸ್‌ಸ್ಟ್ಯಾಂಡಿಗೆ ಮಲಗಾಕ ಬಂದೇನೇನೋ?” ಆಯಿ ಮೇಲಿಂದಲೇ ಗದರಿದಳು.

ಟಿಕೆಟ್ಟಿನ ಹಣ ಬಿಟ್ಟರೆ ಅಪ್ಪನ ಕಿಸೆ ಖಾಲಿ. “ಇಲ್ಲೇ ಕೊಡ್ರಿ, ಅತ್ತಿ,” ಎಂದಳು ಅವ್ವ. ಆಯಿ ಬುತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದಳು. ಅಕ್ಕ, ಅವ್ವ, ಅಪ್ಪ ಒಳಗೆ ನಡೆದುಹೋದರು. ನಾನು ಆಯಿಯ ಬಳಿ ಉಳಿದೆ.

ಸುಂಕ ತಪ್ಪಿಸಲು ಉಳಿದ ಚಕ್ಕಡಿಗಳೂ ನಮ್ಮಂತೆ ಬಾಗಿಲ ಹೊರಗೇ ನಿಂತಿದ್ದವು. ಒಳಗೆಲ್ಲ ಬಯಲು, ಹೊರಗೆ ಕಾಲಿಡಲು ಜಾಗವಿಲ್ಲ. ಇಂಡಿ ಬಸ್ಸು ಹೊರಬಂದದ್ದೇ ನಮ್ಮ ನಡುವೆ ಸಿಕ್ಕಿಕೊಂಡಿತು. ಅಕ್ಕನ ಕಿಟಕಿ ಆಯಿಯ ಎದುರಿಗೇ ಬಂದು ನಿಂತಿತು.

“ಬಸ್ಸಿನ್ಯಾಗ ಕುಂತಿ ಇಲ್ಲೋ ಯವ್ವಾ? ಈಗ ಹಿಡಿ,” ಎಂದು ಆಯಿ ಬುತ್ತಿ ಚಾಚಿದಳು. ಕೂಸು ಅವಳ ಬೆರಳು ಹಿಡಿದುಕೊಂಡಿತು.

“ಎತ್ತು ಹೊಡ್ಕೋರೋ!” ಚಾಲಕ ಕೂಗಿದ.

“ತಡಿಯೋ ತಮ್ಮಾ, ಕೂಸು ಬೆರಳು ಬಿಡವಲ್ದು.”

ಚಾಲಕ ಇತ್ತ ನೋಡಿದ. ಇಂಜಿನ್ ಆರಿಸಿ ಬೀಡಿ ಹಚ್ಚಿದ.

ನಿಮ್ಮ ಸುಂಕ ದಟ್ಟಣೆಯನ್ನು ಬಾಗಿಲ ಹೊರಗೆ ಸರಿಸಿತು, ಅಷ್ಟೇ. ಅಂದು ಅದು ಆಯಿಗೆ ಒದಗಿದ್ದು ಅವಳ ಅದೃಷ್ಟ, ನಿಮ್ಮ ಆಡಳಿತವಲ್ಲ. ಆದ್ದರಿಂದ ನನ್ನ ವಿನಂತಿ ಇದು: ಇಳಿಸಿ ಹೊರಡುವವರಿಗೆ ಬಾಗಿಲು ತೆರೆದಿಡಿರಿ, ನಿಂತ ಹೊತ್ತಿಗೆ ತಕ್ಕ ದರ ಹಚ್ಚಿರಿ, ಜೀಪಿಗೂ. ಒಪ್ಪದಿದ್ದರೆ ಕಾರಣವನ್ನು ನಿಲ್ದಾಣದ ಬಾಗಿಲಲ್ಲೇ ಬರೆದು ಹಾಕಿರಿ. ನಾಗರ ಪಂಚಮಿಗೆ ಅಕ್ಕ ತವರಿಗೆ ಬರುವವಳಿದ್ದಾಳೆ. ಅವಳು ಮರಳಿ ಹೊರಡುವ ಮುನ್ನ ನಿಮ್ಮ ಉತ್ತರ ಬೇಕು. ಆಯಿ ಮತ್ತೆ ಬುತ್ತಿ ಕಟ್ಟುತ್ತಾಳೆ.